ಬೇಸ್‌ಬಾಲ್ ಆಡಿದ ಹುಡುಗ ಕೋಚ್ ಆಗುತ್ತೇನೆ, ಹಳ್ಳಿ ಸುತ್ತಿ ಮಕ್ಕಳನ್ನು ಆರಿಸುತ್ತೇನೆ ಎನ್ನುತ್ತಿದ್ದಾನೆ. ಕಲಬುರಗಿ ಕಡೆ ಇದರಲ್ಲಿ ಬದುಕು ಇದೆಯೇ?

ಭೀಮಾದಂಡೆ
ನಮ್ಮದು ಶಹಾಪುರ ತಾಲ್ಲೂಕಿನ ಹಳ್ಳಿ. ಅಕ್ಕನ ಮಗನ ವಿಷಯದಲ್ಲಿ ತಿಳಿದವರ ಮಾತು ಬೇಕಾಗಿದೆ. ಹುಡುಗ ಕಲಬುರಗಿಯಲ್ಲಿ ಬಿ.ಪಿ.ಎಡ್., ಅಂದರೆ ದೈಹಿಕ ಶಿಕ್ಷಣದ ಪದವಿ ಮುಗಿಸಿದ್ದಾನೆ. ಓದುವಾಗ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡಕ್ಕೆ ಆಯ್ಕೆಯಾಗಿ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಆಡಿ ಬಂದ. ಕ್ಯಾಚರ್ ಆಗಿದ್ದ. ಬ್ಯಾಟುಗಾರನ ಹಿಂದೆ ಮುಖಕ್ಕೆ ಜಾಲರಿ, ಎದೆಗೆ ಕವಚ ಕಟ್ಟಿಕೊಂಡು ಕುಕ್ಕರಗಾಲಿನಲ್ಲಿ ಕೂರುವ ಜಾಗ ಅದು. ಆಟದಿಂದ ಒಂದು ರೂಪಾಯಿ ಬಂದಿಲ್ಲ, ಬರುತ್ತದೆಂದು ಅವನು ನಂಬಿ ಕೂತವನೂ ಅಲ್ಲ.

ಈಗ ಕಲಬುರಗಿಯ ಖಾಸಗಿ ಶಾಲೆಯೊಂದು ಬೆಳಗಿನ ಹೊತ್ತು ಮಕ್ಕಳಿಗೆ ಕೋಚಿಂಗ್ ಮಾಡು ಎಂದು ಕರೆದಿದೆ. ಸಂಬಳ ಹೇಳಿಕೊಳ್ಳುವಷ್ಟಿಲ್ಲ. ಇವನು ಒಪ್ಪಿಬಿಟ್ಟಿದ್ದಾನೆ. ಅದು ಸಾಲದೆಂಬಂತೆ ಭಾನುವಾರ ಬೈಕ್ ಹತ್ತಿ ಜೇವರ್ಗಿ, ಅಫಜಲಪುರ, ಸುರಪುರದ ಹಳ್ಳಿಗಳಿಗೆ ಹೋಗಿ ಚೆನ್ನಾಗಿ ಎಸೆಯುವ, ಚೆನ್ನಾಗಿ ಓಡುವ ಮಕ್ಕಳನ್ನು ಹುಡುಕುತ್ತಾನಂತೆ. ಅಮೆರಿಕದಲ್ಲಿ ಸ್ಕೌಟ್‌ಗಳು ಮಾಡುವುದೇ ಇದನ್ನು ಎನ್ನುತ್ತಾನೆ. ಅಕ್ಕನಿಗೆ ನಿದ್ದೆ ಇಲ್ಲ. ಪೊಲೀಸ್ ಪರೀಕ್ಷೆಗೆ ಕೂರು ಎಂದು ಅವಳ ಹಟ.

ಆಟಗಾರ, ಆಮೇಲೆ ಕೋಚ್, ಆಮೇಲೆ ಸ್ಕೌಟ್. ಇಂಥದೊಂದು ದಾರಿ ನಿಜವಾಗಿ ಇದೆಯೇ? ನಮ್ಮ ಭಾಗದಲ್ಲಿ ನಡೆಯುತ್ತದೆಯೇ? ನಾನು ಹುಡುಗನ ಪರ. ಆದರೆ ಅಕ್ಕನ ಮುಂದೆ ಇಡಲು ಗಟ್ಟಿಯಾದ ಮಾತು ಬೇಕು.

ತೊಗರಿ ಕಣಜ
ಪರೀಕ್ಷೆ ಮೊದಲು. ಆಟ ಎಲ್ಲಿಗೂ ಓಡಿಹೋಗುವುದಿಲ್ಲ, ವಯಸ್ಸಿನ ಮಿತಿ ಓಡಿಹೋಗುತ್ತದೆ.

ನಿವೃತ್ತ ಪಿ.ಇ. ಶಿಕ್ಷಕ
ತೊಗರಿ ಕಣಜ ಅವರೇ, ವಯಸ್ಸಿನ ಮಾತು ಒಪ್ಪುತ್ತೇನೆ. ಆದರೆ ಹುಡುಗನ ಹಂಬಲ ಹುಚ್ಚಲ್ಲ, ಅದನ್ನು ಮೊದಲು ಹೇಳುತ್ತೇನೆ.

ಕ್ಯಾಚರ್ ಆಗಿದ್ದವನು ಕೋಚ್ ಆಗುವುದು ಈ ಆಟದಲ್ಲಿ ಹಳೆಯ ಪದ್ಧತಿ. ಮೈದಾನದಲ್ಲಿ ಎಂಟು ಜನ ಬ್ಯಾಟುಗಾರನ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಕ್ಯಾಚರ್ ಒಬ್ಬನೇ ಅವರೆಲ್ಲರ ಕಡೆ ಮುಖ ಮಾಡಿ ಕೂತಿರುತ್ತಾನೆ. ಯಾರು ಎಲ್ಲಿ ನಿಂತಿದ್ದಾರೆ, ಯಾವ ಬೇಸ್‌ನ ಓಟಗಾರ ಎಸೆತದ ಹೊತ್ತಿಗೆ ಓಡಿ ಮುಂದಿನ ಬೇಸ್ ಕದಿಯಲು ಹೊಂಚುತ್ತಿದ್ದಾನೆ, ಚೆಂಡು ಎಸೆಯುವ ಪಿಚರ್ ದಣಿದಿದ್ದಾನೋ ಇಲ್ಲವೋ, ಎಲ್ಲ ಅವನ ಕಣ್ಣಿಗೆ ಬೀಳುತ್ತದೆ. ಮುಂದಿನ ಎಸೆತ ಯಾವುದು ಎಂದು ಬೆರಳಿನಲ್ಲಿ ಸನ್ನೆ ಮಾಡುವವನೂ ಅವನೇ. ಆ ಜಾಗದಲ್ಲಿ ಕೂತವನು ಆಡುತ್ತಲೇ ಅರ್ಧ ಕೋಚಿಂಗ್ ಕಲಿತಿರುತ್ತಾನೆ.

ನಮ್ಮ ಶಾಲೆಗಳಲ್ಲಿ ಸಾಫ್ಟ್‌ಬಾಲ್, ಬೇಸ್‌ಬಾಲ್ ಎರಡನ್ನೂ ಹೆಚ್ಚಾಗಿ ಒಬ್ಬರೇ ಕಲಿಸುತ್ತಾರೆ. ಸಾಫ್ಟ್‌ಬಾಲ್‌ನಿಂದ ಶುರು ಮಾಡಲಿ. ಬೇಸ್‌ನಿಂದ ಬೇಸ್‌ಗೆ 60 ಅಡಿ, ಶಾಲೆಯ ಅಂಗಳ ಸಾಕು. ಬೇಸ್‌ಬಾಲ್‌ನ 90 ಅಡಿಯ ಚೌಕ ಹಾಕಿ ಅದರಾಚೆ ಔಟ್‌ಫೀಲ್ಡ್‌ಗೂ ಜಾಗ ಬಿಡಬೇಕೆಂದರೆ ನಮ್ಮ ಎಷ್ಟೋ ಶಾಲೆಗಳ ಕಾಂಪೌಂಡ್ ಒಡೆಯಬೇಕಾಗುತ್ತದೆ.

ಸೇಡಂ ಸ್ಪಿನ್ನರ್
ಇಷ್ಟೆಲ್ಲ ತಾಪತ್ರಯ ಏಕೆ? ಎಸೆಯುವ ತೋಳು ಇದ್ದರೆ ಕ್ರಿಕೆಟ್ ಆಡಲಿ. ಹಳ್ಳಿಹಳ್ಳಿಯಲ್ಲಿ ಟೂರ್ನಿ ಇದೆ, ಬಹುಮಾನ ಇದೆ, ನೋಡಲು ಜನ ಇದ್ದಾರೆ. ಬೇಸ್‌ಬಾಲ್ ನೋಡಲು ಆಡುವವರ ಅಣ್ಣತಮ್ಮಂದಿರೂ ಬರುವುದಿಲ್ಲ.

ಭಾಲ್ಕಿಯಿಂದ ಬಾಸ್ಟನ್
ಸ್ಪಿನ್ನರ್ ಅಣ್ಣ, ಕ್ರಿಕೆಟ್‌ನಲ್ಲಿ ಜಾಗ ಸಿಗದ ಮಕ್ಕಳ ಬಗ್ಗೆಯೇ ಇಲ್ಲಿ ಮಾತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಭೀಮಾದಂಡೆ ಅಣ್ಣ ಕೇಳಿದ ಸ್ಕೌಟ್ ಕೆಲಸದ ಬಗ್ಗೆ ಬರೆಯುತ್ತೇನೆ. ನಾನಿರುವ ಊರಿನಲ್ಲಿ ಶಾಲಾ ಪಂದ್ಯಗಳಿಗೆ ಅವರು ಬರುವುದನ್ನು ನೋಡಿದ್ದೇನೆ.

ಬ್ಯಾಟುಗಾರ ನಿಲ್ಲುವ ಹೋಮ್ ಪ್ಲೇಟ್‌ನ ಹಿಂದೆ, ಜಾಲರಿಯಾಚೆ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕೈಯಲ್ಲಿ ಸ್ಟಾಪ್‌ವಾಚ್, ಎಸೆತದ ವೇಗ ಅಳೆಯುವ ರೇಡಾರ್ ಗನ್, ಒಂದು ನೋಟ್‌ಬುಕ್. ಆಟಗಾರನಲ್ಲಿ ಐದು ಗುಣ ನೋಡುತ್ತಾರೆ: ಚೆಂಡನ್ನು ತಪ್ಪದೆ ಬ್ಯಾಟಿಗೆ ತಗುಲಿಸುವುದು, ದೂರ ಹೊಡೆಯುವ ಬಲ, ಓಟ, ಫೀಲ್ಡಿಂಗ್, ಎಸೆತ. ಪ್ರತಿಯೊಂದಕ್ಕೂ 20ರಿಂದ 80ರವರೆಗೆ ಅಂಕ. ಅಲ್ಲಿನ ಅತಿ ಎತ್ತರದ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನ ಸಾಧಾರಣ ಆಟಗಾರನ ಮಟ್ಟ 50. 80 ಬರೆಯುವುದು ಬಹಳ ಅಪರೂಪ.

ಅಳತೆಗಳೂ ಇವೆ. 60 ಗಜದ ಓಟ. ಚೆಂಡು ಹೊಡೆದ ಮೇಲೆ ಮೊದಲ ಬೇಸ್ ಮುಟ್ಟಲು ಹಿಡಿಯುವ ಸಮಯ. ಬಲಗೈ ಬ್ಯಾಟುಗಾರನಿಗೆ 4.3 ಸೆಕೆಂಡ್ ಆದರೆ ಆ ಮಟ್ಟಕ್ಕೆ ಸಾಧಾರಣ. ಕ್ಯಾಚರ್ ಆದರೆ ಚೆಂಡು ಅವನ ಗ್ಲೌಸಿಗೆ ಬಿದ್ದ ಕ್ಷಣದಿಂದ ಎರಡನೇ ಬೇಸ್‌ನವನ ಗ್ಲೌಸಿಗೆ ಬೀಳುವವರೆಗೆ ಎಣಿಸುತ್ತಾರೆ. ಸುಮಾರು 2 ಸೆಕೆಂಡ್‌ನಲ್ಲಿ ಮುಗಿಯಬೇಕು.

ಇಷ್ಟೆಲ್ಲ ಅಳೆದರೂ ಕಣ್ಣು ತಪ್ಪುತ್ತದೆ. ಅಲ್ಲಿ 1965ರಿಂದ ಹೊಸ ಹುಡುಗರನ್ನು ಡ್ರಾಫ್ಟ್ ಮೂಲಕ ಸರದಿಯಲ್ಲಿ ಆರಿಸಿಕೊಳ್ಳುತ್ತಾರೆ. ಮೈಕ್ ಪಿಯಾಜ಼ಾ ಎಂಬ ಕ್ಯಾಚರ್ 1988ರಲ್ಲಿ 62ನೇ ಸುತ್ತಿನಲ್ಲಿ, 1,390ನೆಯವನಾಗಿ ಆಯ್ಕೆಯಾದರು. ಮುಂದೆ ಆಟದ ಮಹಾನ್ ಸಾಧಕರಿಗೆ ಸಿಗುವ ಹಾಲ್ ಆಫ್ ಫೇಮ್ ಗೌರವ ಪಡೆದರು. ಅಷ್ಟು ಕಣ್ಣುಗಳಲ್ಲಿ ಅವರನ್ನು ಮೊದಲೇ ಗುರುತಿಸಿದ ಕಣ್ಣು ಒಂದೂ ಇರಲಿಲ್ಲ.

ತೊಗರಿ ಕಣಜ
ಎಲ್ಲ ಸರಿ. ಆ ಕುರ್ಚಿ ಹಾಕಿಕೊಂಡು ಕೂತವನಿಗೆ ಕ್ಲಬ್ಬು ಸಂಬಳ ಕೊಡುತ್ತದೆ. ಜೇವರ್ಗಿಯ ಹಳ್ಳಿಗೆ ಬೈಕಿನಲ್ಲಿ ಹೋದವನಿಗೆ ಪೆಟ್ರೋಲ್ ಯಾರು ಕೊಡುತ್ತಾರೆ?

ಎರೆಹೊಲ
ನಮ್ಮ ಹಳ್ಳಿಗೆ ಬರಲಿ, ಊಟ ನಾವು ಹಾಕುತ್ತೇವೆ. ಸುಗ್ಗಿಗೆ ಮುಂಚೆ ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ ಹಕ್ಕಿ ಕಾಯುವ ಹುಡುಗರನ್ನು ನೋಡಲಿ. ಕವಣೆ ಬೀಸಿದರೆ ಕಲ್ಲು ಹೊಲದ ಆ ತುದಿಗೆ ಬೀಳುತ್ತದೆ. ಅಂಥ ತೋಳುಗಳನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ನಿವೃತ್ತ ಪಿ.ಇ. ಶಿಕ್ಷಕ
ಕವಣೆಯಲ್ಲಿ ಹಗ್ಗದ ಬೀಸು ಕೆಲಸ ಮಾಡುತ್ತದೆ, ತೋಳಿನ ಎಸೆತ ಅಲ್ಲ. ಹಗ್ಗ ಇಲ್ಲದೆ ಬರಿಗೈಯಲ್ಲಿ ಹುಣಸೆಕಾಯಿ ಉದುರಿಸುವವನನ್ನು ನೋಡಬೇಕು. ಲಗೋರಿಯಲ್ಲಿ ಓಡುವವನ ಬೆನ್ನಿಗೆ ಗುರಿಯಿಟ್ಟು ಹೊಡೆಯುವವನನ್ನು ನೋಡಬೇಕು.

ಎರೆಹೊಲ
ಗುರುಗಳೇ, ಕವಣೆಯವನಿಗೆ ಗುರಿ ಇರುತ್ತದೆ, ಸೊಂಟ ತಿರುಗಿಸುವುದು ಗೊತ್ತಿರುತ್ತದೆ. ಬರಿಗೈಯ ಎಸೆತವನ್ನು ಕಲಿಸಲು ಕೋಚ್ ಇದ್ದಾನಲ್ಲ.

ಸೇಡಂ ಸ್ಪಿನ್ನರ್
ಕ್ರಿಕೆಟ್‌ನಲ್ಲಿ ಜಾಗ ಸಿಗದ ಮಕ್ಕಳು ಎಂದು ಬಾಸ್ಟನ್ ಅವರು ಅಂದರಲ್ಲ, ಯಾರವರು?

ಭಾಲ್ಕಿಯಿಂದ ಬಾಸ್ಟನ್
ಥ್ರೋ ಮಾಡುತ್ತಾನೆ ಎಂದು ನೀವೇ ಬೌಲಿಂಗ್‌ನಿಂದ ಇಳಿಸುತ್ತೀರಲ್ಲ, ಆ ಹುಡುಗರು. ಕ್ರಿಕೆಟ್‌ನಲ್ಲಿ ಬೌಲಿಂಗ್ ಮಾಡುವಾಗ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗುವಂತಿಲ್ಲ. ಬೇಸ್‌ಬಾಲ್ ಪಿಚಿಂಗ್ ನಿಂತಿರುವುದೇ ಮೊಣಕೈ ಮಡಚಿ ಬಿಚ್ಚುವುದರ ಮೇಲೆ. ಪ್ರತಿ ತಾಲ್ಲೂಕಿನ ಟೆನಿಸ್ ಬಾಲ್ ಟೂರ್ನಿಯಲ್ಲಿ ಇಂಥವನೊಬ್ಬ ಇರುತ್ತಾನೆ. ವೇಗ ಇದೆ, ಅಂಪೈರ್ ನೋ ಬಾಲ್ ಕೊಡುತ್ತಾನೆ, ಜನ ಕೂಗುತ್ತಾರೆ, ಹುಡುಗ ಮನೆಗೆ ಹೋಗುತ್ತಾನೆ. ಭೀಮಾದಂಡೆ ಅಣ್ಣನ ಅಳಿಯ ಆ ಹುಡುಗನ ಹೆಸರು ಬರೆದುಕೊಳ್ಳಲು ಅಲ್ಲಿರಬೇಕು.

ಚೆಂಡೂ ಬಹಳ ಬೇರೆಯಲ್ಲ. ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ. ಬೇಸ್‌ಬಾಲ್ 142ರಿಂದ 149 ಗ್ರಾಂ, ಸ್ವಲ್ಪ ಹಗುರ. ಪಿಚರ್ ಎಸೆಯುವ ದೂರ 18.44 ಮೀಟರ್.

ಸೇಡಂ ಸ್ಪಿನ್ನರ್
ಇದು ನನಗೆ ಹೊಳೆದಿರಲಿಲ್ಲ. ನಮ್ಮ ತಂಡದಲ್ಲೇ ಅಂಥವನಿದ್ದ, ಈಗ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುತ್ತಾನೆ. ಆದರೂ ಕೇಳುತ್ತೇನೆ, ಪತ್ತೆಯಾದ ಮೇಲೆ ಅವನು ಹೋಗುವುದೆಲ್ಲಿಗೆ? ಮುಂದೆ ಮೆಟ್ಟಿಲೇ ಇಲ್ಲದ ಕಡೆ ಹುಡುಗನನ್ನು ಹತ್ತಿಸಬಾರದು.

ಹುಮನಾಬಾದ್ ಎಕ್ಸ್‌ಪ್ರೆಸ್
ಉತ್ತರ ಪ್ರದೇಶದ ಇಬ್ಬರು ಕ್ರಿಕೆಟ್ ಹುಡುಗರು ಅಮೆರಿಕಕ್ಕೆ ಹೋಗಲಿಲ್ಲವೇ? ಅವರ ಮೇಲೆ ಹಾಲಿವುಡ್ ಚಿತ್ರವೂ ಬಂತು.

ಬೀದರಿ ಬೆಳ್ಳಿ
ಅವರು ಕ್ರಿಕೆಟಿಗರಲ್ಲ, ಭರ್ಜಿ ಎಸೆಯುವವರು. ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. 2008ರಲ್ಲಿ ಅಮೆರಿಕದವರು ಇಲ್ಲಿಗೆ ಬಂದು ವೇಗವಾಗಿ, ಗುರಿಯಿಟ್ಟು ಎಸೆಯುವ ಸ್ಪರ್ಧೆ ನಡೆಸಿದರು. ರಿಂಕು ಗಂಟೆಗೆ 87 ಮೈಲಿ, ಅಂದರೆ ಸುಮಾರು 140 ಕಿಲೋಮೀಟರ್ ವೇಗದಲ್ಲಿ ಎಸೆದು ಗೆದ್ದರು. ಕ್ಯಾಲಿಫೋರ್ನಿಯಾದಲ್ಲಿ ಟಾಮ್ ಹೌಸ್ ಎಂಬ ಪಿಚಿಂಗ್ ಕೋಚ್ ಇಬ್ಬರನ್ನೂ ತಿದ್ದಿದರು. ಅದೇ ವರ್ಷದ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಇಬ್ಬರ ಜೊತೆಯೂ ಒಪ್ಪಂದ ಮಾಡಿಕೊಂಡಿತು. ಮೇಜರ್ ಲೀಗ್ ಮಾತ್ರ ಇಬ್ಬರಿಗೂ ಸಿಗಲಿಲ್ಲ. ರಿಂಕು ಕೆಳಗಿನ ಲೀಗ್‌ಗಳಲ್ಲಿ ಕೆಲವು ವರ್ಷ ಆಡಿದರು, ಗಾಯಗಳು ಕಾಡಿದವು, ಆಮೇಲೆ ವೃತ್ತಿಪರ ಕುಸ್ತಿಗೆ ಹೋದರು.

ಹುಮನಾಬಾದ್ ಎಕ್ಸ್‌ಪ್ರೆಸ್
ಭರ್ಜಿಯೇ ಆಗಲಿ ಬೆಳ್ಳಿ ಅಕ್ಕ, ನನ್ನ ಮಾತು ನಿಲ್ಲುತ್ತದೆ. ಬೇಸ್‌ಬಾಲ್ ಕಂಡೇ ಇರದ ಹಳ್ಳಿಯ ಹುಡುಗರು ಒಂದು ವರ್ಷದೊಳಗೆ ಒಪ್ಪಂದಕ್ಕೆ ಸಹಿ ಹಾಕಿದರು. ಹುಡುಕುವವರು ಬಂದಿದ್ದರಿಂದ ತಾನೇ ಅದು ಆದದ್ದು?

ಬೀದರಿ ಬೆಳ್ಳಿ
ಅಷ್ಟು ಸಲೀಸಲ್ಲ. ರಿಂಕು ಆಗಲೇ ಲಖನೌದ ಕ್ರೀಡಾ ಕಾಲೇಜಿನಲ್ಲಿ ಭರ್ಜಿ ಕಲಿಯುತ್ತಿದ್ದವರು. ಅವರ ತೋಳನ್ನು ಸರ್ಕಾರಿ ಊಟ, ಸರ್ಕಾರಿ ಮೈದಾನ, ಸಂಬಳದ ಕೋಚ್ ಸೇರಿ ಬೆಳೆಸಿದ್ದರು. ಸ್ಪರ್ಧೆಯವರು ಬಂದು ಅಳೆದರು, ಅಷ್ಟೆ. ನಮ್ಮ ಹುಡುಗರಿಗೆ ಆ ಮೊದಲ ಮೆಟ್ಟಿಲನ್ನು ಯಾರು ಕಟ್ಟುತ್ತಾರೆ ಎಂಬುದೇ ಪ್ರಶ್ನೆ.

ಇನ್ನೊಂದು ಮಾತು. ಇಷ್ಟು ಹೊತ್ತಿನಿಂದ ಓದುತ್ತಿದ್ದೇನೆ, ಎಲ್ಲರೂ ‘ಹುಡುಗ’ ಎಂದೇ ಬರೆಯುತ್ತಿದ್ದೀರಿ. ನಾನು ಬೀದರ್‌ನಲ್ಲಿ ಓದುವಾಗ ಸಾಫ್ಟ್‌ಬಾಲ್ ಆಡಿದವಳು, ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವವಳು. ಎಡಿತ್ ಹೌಟನ್ ಎಂಬ ಹೆಣ್ಣುಮಗಳ ಕಥೆ ಕೇಳಿ. 1922ರಲ್ಲಿ ಹತ್ತು ವರ್ಷದವಳು ಫಿಲಡೆಲ್ಫಿಯಾದ ಬಾಬೀಸ್ ಎಂಬ ಹೆಣ್ಣುಮಕ್ಕಳ ತಂಡಕ್ಕೆ ಶಾರ್ಟ್‌ಸ್ಟಾಪ್ ಆದಳು. 1925ರಲ್ಲಿ ಆ ತಂಡದ ಜೊತೆ ಜಪಾನ್‌ಗೆ ಹೋಗಿ ಆಡಿ ಬಂದಳು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಮಹಿಳಾ ವಿಭಾಗ ಸೇರಿದಳು. 1946ರಲ್ಲಿ ಫಿಲಡೆಲ್ಫಿಯಾ ಫಿಲೀಸ್ ಕ್ಲಬ್ಬಿನ ಮಾಲೀಕರಿಗೆ ತಾನೇ ಪತ್ರ ಬರೆದು ಕೆಲಸ ಕೇಳಿದಳು, ಪಡೆದಳು. ಮೇಜರ್ ಲೀಗ್ ಕ್ಲಬ್ಬಿಗೆ ಸ್ವತಂತ್ರವಾಗಿ ಸ್ಕೌಟ್ ಆದ ಮೊದಲ ಮಹಿಳೆ ಆಕೆ ಎನ್ನುತ್ತಾರೆ. ಸುಮಾರು 15 ಆಟಗಾರರನ್ನು ಸೇರಿಸಿದಳು. 101ನೇ ವಯಸ್ಸಿಗೆ ಇನ್ನೇನು ಕಾಲಿಡಬೇಕೆನ್ನುವಾಗ, 2013ರಲ್ಲಿ ತೀರಿಕೊಂಡಳು.

ಭೀಮಾದಂಡೆ ಅಣ್ಣ, ನಿಮ್ಮ ಹುಡುಗ ಹಳ್ಳಿಗೆ ಹೋದಾಗ ಕನ್ಯಾಶಾಲೆಯ ಅಂಗಳಕ್ಕೂ ಹೋಗಲಿ. ಕೊಡ ಹೊತ್ತು ಬೆಳೆದ ಹೆಣ್ಣುಮಕ್ಕಳ ಭುಜ, ಕಾಲು ಎಷ್ಟು ಗಟ್ಟಿ ಎಂದು ನನಗೆ ಗೊತ್ತು.

ತೊಗರಿ ಕಣಜ
ಆ 15 ಜನರಲ್ಲಿ ಮೇಜರ್ ಲೀಗ್ ತಲುಪಿದವರು ಎಷ್ಟು?

ಬೀದರಿ ಬೆಳ್ಳಿ
ಒಬ್ಬರೂ ಇಲ್ಲ. ಅದರಿಂದ ಆಕೆಯ ಕೆಲಸ ಸಣ್ಣದಾಗುವುದಿಲ್ಲ. ಸ್ಕೌಟ್ ಬಾಗಿಲವರೆಗೆ ಕರೆತರುತ್ತಾನೆ. ಒಳಗೆ ಏನಾಗುತ್ತದೋ ಅದು ಅವನ ಕೈಯಲ್ಲಿಲ್ಲ.

ಭಾಲ್ಕಿಯಿಂದ ಬಾಸ್ಟನ್
ಇದಕ್ಕೆ ಬಕ್ ಓನೀಲ್ ಅವರ ಉದಾಹರಣೆ ಇನ್ನೂ ಹತ್ತಿರ. ಆಟಗಾರ, ಮ್ಯಾನೇಜರ್, ಸ್ಕೌಟ್, ಕೋಚ್, ಎಲ್ಲವೂ ಆದವರು. ಕಪ್ಪು ಜನರಿಗೆ ಮೇಜರ್ ಲೀಗ್ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದಲ್ಲಿ ಆಡಿದರು. ಆಮೇಲೆ ಶಿಕಾಗೋ ಕಬ್ಸ್‌ಗೆ ಸ್ಕೌಟ್ ಆದರು. 1962ರಲ್ಲಿ ಅದೇ ಕ್ಲಬ್ಬು ಅವರನ್ನು ಕೋಚ್ ಮಾಡಿತು. ಮೇಜರ್ ಲೀಗ್‌ನ ಮೊದಲ ಕಪ್ಪು ಕೋಚ್ ಅವರೇ. ಲೂಯಿಸಿಯಾನದ ಕಾಲೇಜೊಂದರಲ್ಲಿ ಆಡುತ್ತಿದ್ದ ಲೂ ಬ್ರಾಕ್ ಅವರನ್ನು ಕಬ್ಸ್‌ಗೆ ತಂದವರೂ ಅವರೇ. 1964ರಲ್ಲಿ ಕ್ಲಬ್ಬು ಬ್ರಾಕ್ ಅವರನ್ನು ಸೇಂಟ್ ಲೂಯಿಸ್‌ಗೆ ಬಿಟ್ಟುಕೊಟ್ಟಿತು. ಅಲ್ಲಿ ಬ್ರಾಕ್ ಬೇಸ್ ಕದಿಯುವುದರಲ್ಲಿ ದೇಶಕ್ಕೇ ದೊಡ್ಡವರಾದರು, ಇಡೀ ಆಟದ ಬದುಕಿನಲ್ಲಿ ಒಟ್ಟು 938. ಓನೀಲ್ ಅವರ ಕಣ್ಣು ಸರಿಯಿತ್ತು, ಕ್ಲಬ್ಬಿನ ಲೆಕ್ಕ ತಪ್ಪಿತ್ತು.

ಬ್ಯಾಟಿಗೆ ಚೆಂಡು ತಗುಲಿದ ಸದ್ದಿನಲ್ಲೇ ಅವರು ಆಟಗಾರನನ್ನು ಅಳೆಯುತ್ತಿದ್ದರು. ಬೇಬ್ ರೂತ್, ಜಾಶ್ ಗಿಬ್ಸನ್, ಬೋ ಜಾಕ್ಸನ್, ಈ ಮೂವರ ಬ್ಯಾಟಿನಿಂದ ಮಾತ್ರ ತಾನು ಆ ಒಂದು ಸದ್ದನ್ನು ಕೇಳಿದ್ದೇನೆ ಎನ್ನುತ್ತಿದ್ದರು. 2006ರಲ್ಲಿ ತೀರಿಕೊಂಡರು. ಹಾಲ್ ಆಫ್ ಫೇಮ್ ಗೌರವ ಬಂದದ್ದು 2022ರಲ್ಲಿ.

ನಿವೃತ್ತ ಪಿ.ಇ. ಶಿಕ್ಷಕ
ಕಣ್ಣು ಮುಚ್ಚಿದ ಮೇಲೆ ಬಂದ ಗೌರವ. ಓದಿ ಸಂಕಟವಾಯಿತು.

ಫಿಸಿಯೋ, ಸೂಪರ್ ಮಾರ್ಕೆಟ್ ಹತ್ತಿರ
ಯಾರೂ ಹೇಳದ ವಿಷಯ ಹೇಳುತ್ತೇನೆ. ನನ್ನ ಬಳಿ ಮೊಣಕೈ ನೋವೆಂದು ಬರುವ ಮಕ್ಕಳಲ್ಲಿ ಎಸೆಯುವ ಆಟದವರೂ ಇದ್ದಾರೆ. ಬೆಳೆಯುವ ವಯಸ್ಸಿನಲ್ಲಿ ಮೊಣಕೈ ಒಳಬದಿಯ ಎಲುಬಿನ ತುದಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಅಲ್ಲಿ ದಿನಾ ಜಗ್ಗಿದರೆ ತೋಳು ಹದಿನೈದಕ್ಕೇ ಮುದಿಯಾಗುತ್ತದೆ. ಅಮೆರಿಕದಲ್ಲಿ ಮಕ್ಕಳು ದಿನಕ್ಕೆ ಎಷ್ಟು ಪಿಚ್, ಅಂದರೆ ಪಿಚರ್‌ನ ಎಸೆತ, ಹಾಕಬಹುದೆಂದು 2014ರಲ್ಲಿ ಮಾರ್ಗಸೂಚಿ ಮಾಡಿದರು. ಪಂದ್ಯದ ದಿನ 9–10 ವರ್ಷದವರಿಗೆ 75, 11–12ಕ್ಕೆ 85, 13–14ಕ್ಕೆ 95, ಅದರ ಮೇಲಿಲ್ಲ. 14ರೊಳಗಿನ ಮಗು ಒಂದೇ ದಿನ 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ಪಿಚಿಂಗ್ ಬಿಡಬೇಕು.

ನಮ್ಮಲ್ಲಿ ನಡೆಯುವುದೇನು? ತಂಡದಲ್ಲಿ ಒಬ್ಬನಿಗೆ ಮಾತ್ರ ಪಿಚಿಂಗ್ ಬರುತ್ತದೆ. ಎರಡು ದಿನದ ಟೂರ್ನಿಯಲ್ಲಿ ಎಲ್ಲ ಪಂದ್ಯಕ್ಕೂ ಅವನೇ. ಕಪ್ ಬರುತ್ತದೆ, ಶಾಲೆಯ ಗೋಡೆಗೆ ಫೋಟೋ ಏರುತ್ತದೆ, ಮಗು ನನ್ನ ಬಳಿ ಬರುತ್ತದೆ. ಭೀಮಾದಂಡೆ ಅವರ ಅಳಿಯ ಕೋಚ್ ಆಗುವುದಾದರೆ ಮೊದಲ ದಿನದಿಂದಲೇ ಎಸೆತ ಎಣಿಸುವ ವಹಿ ಇಡಲಿ. ಸ್ಕೌಟ್‌ನ ನೋಟ್‌ಬುಕ್ಕಿಗಿಂತ ಅದು ಮುಖ್ಯ.

ಸೇಡಂ ಸ್ಪಿನ್ನರ್
ಡಾಕ್ಟರೇ, ಎಣಿಸುತ್ತ ಕೂತರೆ ಪಂದ್ಯ ಸೋಲುತ್ತೇವೆ. ಸೋತ ಕೋಚ್‌ನನ್ನು ಶಾಲೆ ಇಟ್ಟುಕೊಳ್ಳುತ್ತದೆಯೇ?

ಫಿಸಿಯೋ, ಸೂಪರ್ ಮಾರ್ಕೆಟ್ ಹತ್ತಿರ
ಸೋಲಲಿ. ಇನ್ನೂ ಇಬ್ಬರು ಪಿಚರ್‌ಗಳನ್ನು ತಯಾರು ಮಾಡುವುದೇ ಕೋಚ್‌ನ ಕೆಲಸ. ಹನ್ನೆರಡು ವರ್ಷದ ಮಗುವಿನ ಮೊಣಕೈಯನ್ನು ಒತ್ತೆಯಿಟ್ಟು ಕೆಲಸ ಉಳಿಸಿಕೊಳ್ಳುವ ಕೋಚ್ ನಮ್ಮ ಊರಿಗೆ ಬೇಡ.

ಎರೆಹೊಲ
ಸತ್ಯವಾದ ಮಾತು.

ನಿವೃತ್ತ ಪಿ.ಇ. ಶಿಕ್ಷಕ
ನಾನೂ ಒಪ್ಪುತ್ತೇನೆ. ಮೈದಾನದ ಬಗ್ಗೆಯೂ ಎರಡು ಮಾತು. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಬೂಟಿಗೆ ಅಂಟಿ ಎತ್ತಲಾಗುವುದಿಲ್ಲ. ಬಿರುಕಿಗೆ ತಗುಲಿದ ಚೆಂಡು ನೇರ ಮುಖಕ್ಕೆ ಹಾರುತ್ತದೆ. ಬೇಸ್‌ಗಳ ನಡುವಿನ ಜಾಗಕ್ಕಾದರೂ ಗರಸು ಹಾಕಿಸಿ, ನೀರು ಹೊಡೆದು, ರೋಲರ್ ಎಳೆಯಬೇಕು. ಒಂದು ಕಡೆ ಶಹಾಬಾದ್ ಫರಸಿ ಕತ್ತರಿಸಿ ಹೋಮ್ ಪ್ಲೇಟ್ ಮಾಡಿದ್ದನ್ನು ನೋಡಿದ್ದೇನೆ. ಜಾರಿ ಬರುವ ಮಗುವಿನ ಮೊಣಕಾಲು ಒಡೆಯುತ್ತದೆ, ಹಾಗೆ ಮಾಡಬಾರದು. ರಬ್ಬರ್ ಹಾಳೆ ಹಾಸಿದರೆ ಸಾಕು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರು ಇದು, ಬೆಳಗ್ಗೆ ಎಂಟರೊಳಗೆ ಮುಗಿಸಬೇಕು.

ಹುಮನಾಬಾದ್ ಎಕ್ಸ್‌ಪ್ರೆಸ್
ಎಂಟಕ್ಕೆ ಮುಗಿಸಿ ಸುಸಲಾ, ಮಿರ್ಚಿ ತಿನ್ನಬೇಕು. ಕಲಬುರಗಿಯಲ್ಲಿ ಬೆಳಗಿನ ಆಟ ಆಡಿದವರಿಗೆ ಆ ರುಚಿ ಗೊತ್ತು.

ಎರೆಹೊಲ
ಆಡಿದ ಮಕ್ಕಳಿಗೆ ಮಿರ್ಚಿ ಬೇಡ, ಶೇಂಗಾ ಹಿಂಡಿ, ರೊಟ್ಟಿ, ಮೊಸರು ಕೊಡಿ.

ತೊಗರಿ ಕಣಜ
ಮಾತು ಊಟಕ್ಕೆ ಹೋಯಿತು. ನಾನು ಕೇಳಿದ ದುಡ್ಡಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಕಾಗದಪತ್ರ
ನಾನು ಕೊಡುತ್ತೇನೆ. ಭೀಮಾದಂಡೆ ಅಣ್ಣ, ಇದನ್ನು ಅಕ್ಕನಿಗೆ ಓದಿ ಹೇಳಿ.

ಕೇಂದ್ರ ಸರ್ಕಾರದ ‘ಸಿ’ ಗುಂಪಿನ ಹುದ್ದೆಗಳಿಗೆ ಕ್ರೀಡಾ ಕೋಟಾದಲ್ಲಿ ನೇಮಕ ನಡೆಯುತ್ತದೆ. ಅದಕ್ಕೆ ಅರ್ಹವಾದ ಆಟಗಳ ಪಟ್ಟಿಯಲ್ಲಿ ಮೊದಲು 43 ಆಟಗಳಿದ್ದವು. 2020ರಲ್ಲಿ ಸಿಬ್ಬಂದಿ ಮತ್ತು ತರಬೇತಿ ಇಲಾಖೆ ಇನ್ನೂ 20 ಸೇರಿಸಿ 63 ಮಾಡಿತು. ಹೊಸದಾಗಿ ಸೇರಿದವುಗಳಲ್ಲಿ ಬೇಸ್‌ಬಾಲ್ ಇದೆ. ಸಾಫ್ಟ್‌ಬಾಲ್ ಮೊದಲಿನಿಂದಲೂ ಇತ್ತು. ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸಿದವರಷ್ಟೇ ಅಲ್ಲ, ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ವಿಶ್ವವಿದ್ಯಾಲಯದ ಪರ ಆಡಿದವರೂ ಅರ್ಹರು. ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯ ಶಾಲಾ ತಂಡಕ್ಕೆ ಆಡಿದವರೂ ಅರ್ಹರು. ನಿಮ್ಮ ಹುಡುಗ ಎರಡನೆಯ ಸಾಲಿನಲ್ಲಿ ನೇರವಾಗಿ ಬರುತ್ತಾನೆ.

ಟೂರ್ನಿಯಲ್ಲಿ ಕೊಟ್ಟ ಬಣ್ಣದ ಪ್ರಮಾಣಪತ್ರ ಮಾತ್ರ ಸಾಲದು. ನಿಗದಿತ ನಮೂನೆಯಲ್ಲಿ ವಿಶ್ವವಿದ್ಯಾಲಯದ ಕ್ರೀಡಾ ಡೀನ್ ಅಥವಾ ಕ್ರೀಡೆಯ ಒಟ್ಟು ಹೊಣೆ ಹೊತ್ತ ಅಧಿಕಾರಿ ಸಹಿ ಮಾಡಿರಬೇಕು. ಆಡಿದ ವರ್ಷ ಕಳೆದಂತೆ ಹಳೆಯ ಕಡತ ಹುಡುಕುವುದು ಕಷ್ಟವಾಗುತ್ತದೆ, ಈಗಲೇ ಮಾಡಿಸಿಡಲಿ. ಜೊತೆಗೆ 371ಜೆ ಅರ್ಹತಾ ಪತ್ರವೂ ಇರಲಿ. ರಾಜ್ಯದ ದೈಹಿಕ ಶಿಕ್ಷಕರ ಹುದ್ದೆ ಕರೆದರೆ ನಮ್ಮ ಭಾಗದವರಿಗೆ ಮೀಸಲು ಇದೆ, ಬಿ.ಪಿ.ಎಡ್. ಅಂತೂ ಆಗಿದೆ. ನೌಕರಿ ಹಿಡಿದು ಕೋಚ್ ಆಗಲಿ, ಭಾನುವಾರ ಸ್ಕೌಟ್ ಆಗಲಿ.

ತೊಗರಿ ಕಣಜ
ಈಗ ಮಾತಿಗೆ ತೂಕ ಬಂತು.

ಭೀಮಾದಂಡೆ
ಕಾಗದಪತ್ರ ಅಣ್ಣ, ದೊಡ್ಡ ಉಪಕಾರ ಮಾಡಿದಿರಿ. ಅವನ ಬಳಿ ಟೂರ್ನಿಯ ಪ್ರಮಾಣಪತ್ರ ಇದೆ, ನೀವು ಹೇಳಿದ ನಮೂನೆಯದ್ದು ಇಲ್ಲ. ಸೋಮವಾರ ವಿಶ್ವವಿದ್ಯಾಲಯಕ್ಕೆ ನಾನೇ ಜೊತೆಗೆ ಹೋಗುತ್ತೇನೆ.

ಸ್ಪಿನ್ನರ್ ಅವರು ಕೇಳಿದ ಮೆಟ್ಟಿಲೂ ಇದೇ ಎಂದು ನನಗೆ ಅನಿಸುತ್ತದೆ. ಶಾಲಾ ರಾಷ್ಟ್ರೀಯ ಕೂಟ, ವಿಶ್ವವಿದ್ಯಾಲಯ, ನೌಕರಿ. ಅಮೆರಿಕ ಬೇಕಾಗಿಲ್ಲ. ಕಾರ್ಖಾನೆಯಲ್ಲಿ ಗುತ್ತಿಗೆಗೆ ದುಡಿಯುವ ಆ ಬೌಲರ್‌ನಿಗೆ ಹದಿನಾಲ್ಕರಲ್ಲೇ ಯಾರಾದರೂ ಇದನ್ನು ಹೇಳಿದ್ದರೆ?

ಸೇಡಂ ಸ್ಪಿನ್ನರ್
ಹೇಳುವವರು ಇರಲಿಲ್ಲ. ಅವನಿಗೆ ಈಗ ಮೂವತ್ತು ದಾಟಿದೆ. ಅವನ ತಮ್ಮನ ಮಗ ಏಳನೇ ತರಗತಿ, ಅದೇ ತೋಳು. ಅಳಿಯನನ್ನು ಸೇಡಂಗೆ ಕಳಿಸಿ.

ಯಾದಗಿರಿ ವಸತಿಶಾಲೆ ಮೇಡಂ
ನಾನು ಸುಮ್ಮನೆ ಓದುತ್ತಿದ್ದೆ, ಈಗ ಬರೆಯಲೇಬೇಕು ಅನಿಸಿತು. ಹಳ್ಳಿಗೆ ಹೋಗಿ ಮಗುವನ್ನು ಗುರುತಿಸಿದಿರಿ ಎಂದಿಟ್ಟುಕೊಳ್ಳಿ. ಮುಂದಿನ ಸಲ ಹೋದಾಗ ಆ ಮನೆಗೆ ಬೀಗ ಇರುತ್ತದೆ. ಅಪ್ಪ ಅಮ್ಮ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರುತ್ತಾರೆ, ಮಗುವೂ ಜೊತೆಗೆ. ಕಟ್ಟಡದ ಕೆಲಸ ನಡೆಯುವ ಕಡೆ ತಂಗಿಯನ್ನು ನೋಡಿಕೊಳ್ಳುತ್ತ ಕೂತಿರುತ್ತದೆ. ಸ್ಕೌಟ್‌ನ ನೋಟ್‌ಬುಕ್‌ನಲ್ಲಿ ಹೆಸರು ಇರುತ್ತದೆ, ಮಗು ಇರುವುದಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಪಾಠ ಮಾಡಿದ ಯಾರನ್ನಾದರೂ ಕೇಳಿ.

ಅದಕ್ಕೇ ಹೇಳುತ್ತೇನೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಂದ ಶುರು ಮಾಡಲಿ. ಆರರಿಂದ ಹತ್ತನೇ ತರಗತಿಯವರೆಗೆ ಮಕ್ಕಳು ಅಲ್ಲೇ ಇರುತ್ತಾರೆ. ಊಟ ಇದೆ, ಅಂಗಳ ಇದೆ, ಬೆಳಗ್ಗೆ ಎಬ್ಬಿಸುವವರಿದ್ದಾರೆ. ಹಳ್ಳಿಯಲ್ಲಿ ಒಳ್ಳೆಯ ತೋಳಿನ ಮಗು ಐದನೇ ತರಗತಿಯಲ್ಲಿ ಕಂಡರೆ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿಸಲಿ. ಅದೇ ಮೊದಲ ಮೆಟ್ಟಿಲು, ಬೆಳ್ಳಿ ಅಕ್ಕ.

ಬೀದರಿ ಬೆಳ್ಳಿ
ಮೇಡಂ, ನಾನು ಹುಡುಕುತ್ತಿದ್ದ ಉತ್ತರ ಇದೇ. ನಿಮ್ಮಲ್ಲಿ ಹೆಣ್ಣುಮಕ್ಕಳ ತಂಡವಾದರೆ ವಾರಕ್ಕೊಮ್ಮೆ ನಾನು ಬರಲು ಸಿದ್ಧ.

ತೊಗರಿ ಕಣಜ
ಸಾಮಾನಿಗೆ ಏನು ಮಾಡುತ್ತೀರಿ? ಪ್ರತಿ ಮಗುವಿಗೂ ಗ್ಲೌಸ್ ಬೇಕಲ್ಲವೇ?

ನಿವೃತ್ತ ಪಿ.ಇ. ಶಿಕ್ಷಕ
ಮೈದಾನದಲ್ಲಿ ಇರುವುದು ಒಂಬತ್ತು ಜನ. ಒಂಬತ್ತು ಗ್ಲೌಸ್ ಇದ್ದರೆ ಎರಡು ತಂಡ ಬದಲಾಯಿಸಿಕೊಂಡು ಆಡಬಹುದು. ಮೀರತ್, ಜಲಂಧರ್ ಕಡೆಯ ಸಾಮಾನು ಅಭ್ಯಾಸಕ್ಕೆ ಸಾಕು. ಕ್ಯಾಚರ್‌ನ ಮುಖವಾಡ, ಎದೆಕವಚ, ಬ್ಯಾಟುಗಾರರ ಹೆಲ್ಮೆಟ್, ಇವುಗಳಲ್ಲಿ ಮಾತ್ರ ಉಳಿತಾಯ ಮಾಡಬಾರದು.

ಒಂದು ಎಚ್ಚರಿಕೆ. ಗ್ಲೌಸ್ ಹಾಕುವುದು ಎಸೆಯದ ಕೈಗೆ. ಶಾಲೆಗಳು ಒಟ್ಟಿಗೆ ತರಿಸುವಾಗ ಎಲ್ಲವನ್ನೂ ಎಡಗೈಗೆ ಹಾಕುವಂಥವನ್ನೇ ತರಿಸುತ್ತವೆ. ಎಡಚ ಮಗುವಿಗೆ ಅದು ಬರುವುದಿಲ್ಲ. ಬಲಗೈಯಲ್ಲಿ ಎಸೆ ಎಂದು ಗದರುತ್ತಾರೆ, ಮಗು ಬಿಟ್ಟು ಹೋಗುತ್ತದೆ. ಈ ಆಟದಲ್ಲಿ ಎಡಗೈ ಪಿಚರ್‌ಗೆ ಎಲ್ಲಿಲ್ಲದ ಬೇಡಿಕೆ. ರಿಂಕು ಸಿಂಗ್ ಕೂಡ ಎಡಗೈಯವರೇ. ತರಿಸುವಾಗ ಬಲಗೈಗೆ ಹಾಕುವ ಎರಡು ಗ್ಲೌಸ್ ಕಡ್ಡಾಯವಾಗಿ ಇರಲಿ.

ಭಾಲ್ಕಿಯಿಂದ ಬಾಸ್ಟನ್
ಆ ಎರಡು ನನ್ನ ಲೆಕ್ಕಕ್ಕೆ. ದೀಪಾವಳಿಗೆ ಬರುತ್ತೇನೆ, ಜೊತೆಗೆ ತರುತ್ತೇನೆ. ಮಕ್ಕಳ ಅಳತೆಯವೇ ತರಲೇ?

ಯಾದಗಿರಿ ವಸತಿಶಾಲೆ ಮೇಡಂ
ಮಕ್ಕಳ ಅಳತೆಯವೇ ಇರಲಿ ಸರ್. ನಮ್ಮ ಏಳನೇ ತರಗತಿಯಲ್ಲಿ ಎಡಗೈಯಲ್ಲಿ ಬರೆಯುವ ಮೂವರಿದ್ದಾರೆ, ಇಬ್ಬರು ಹುಡುಗಿಯರು.

ಫಿಸಿಯೋ, ಸೂಪರ್ ಮಾರ್ಕೆಟ್ ಹತ್ತಿರ
ಶುರುವಾಗುವ ಮೊದಲು ಒಂದು ದಿನ ನಾನು ಬಂದು ಭುಜ, ಮೊಣಕೈ ನೋಡಿ ಬರೆದಿಡುತ್ತೇನೆ. ಶುಲ್ಕ ಬೇಡ.

ಕಾಗದಪತ್ರ
ಹೆಸರು ಬರೆದುಕೊಳ್ಳುವಾಗ ಜನ್ಮ ದಿನಾಂಕವನ್ನು ಶಾಲಾ ದಾಖಲಾತಿಯಿಂದಲೇ ತೆಗೆದುಕೊಳ್ಳಲಿ, ಬಾಯಿಮಾತಿನಿಂದ ಬೇಡ. ಶಾಲಾ ಕೂಟದಲ್ಲಿ ವಯಸ್ಸಿನ ತಕರಾರು ಬಂದರೆ ಇಡೀ ತಂಡ ಹೊರಗೆ ಹೋಗುತ್ತದೆ.

ಭೀಮಾದಂಡೆ
ಅಕ್ಕನಿಗೆ ಎಲ್ಲವನ್ನೂ ಓದಿ ಹೇಳಿದೆ. ಅಂತರ ವಿಶ್ವವಿದ್ಯಾಲಯದ ಪ್ರಮಾಣಪತ್ರದಿಂದ ನೌಕರಿಗೆ ಅರ್ಜಿ ಹಾಕಬಹುದು ಎಂದಾಗ ಎರಡು ಸಲ ಓದಿಸಿಕೊಂಡಳು. ಪೊಲೀಸ್ ಪರೀಕ್ಷೆಯನ್ನೂ ಬರೆಯಲಿ ಎಂಬುದನ್ನು ಬಿಟ್ಟಿಲ್ಲ, ಹುಡುಗ ಬರೆಯುತ್ತೇನೆ ಎಂದಿದ್ದಾನೆ. ಮೇಡಂ, ಮುಂದಿನ ಭಾನುವಾರ ಅವನು ನಿಮ್ಮ ಶಾಲೆಗೆ ಬರಬಹುದೇ? ಅದರ ಮುಂದಿನ ವಾರ ಸೇಡಂ. ಅವನ ಹತ್ತಿರ ಸ್ಟಾಪ್‌ವಾಚ್ ಇಲ್ಲ. ಮೊಬೈಲ್‌ನದ್ದು ಸಾಕಾಗುತ್ತದೆಯೇ ಎಂದು ಕೇಳುತ್ತಿದ್ದಾನೆ.

ನಿವೃತ್ತ ಪಿ.ಇ. ಶಿಕ್ಷಕ
ಓಟ ನೋಡುತ್ತ ಮೊಬೈಲ್ ಪರದೆಯ ಮೇಲೆ ಬೆರಳು ಹುಡುಕಿದರೆ ಲೆಕ್ಕ ತಪ್ಪುತ್ತದೆ, ಗುಂಡಿ ಒತ್ತುವಂಥದ್ದೇ ಬೇಕು. ನನ್ನ ಹತ್ತಿರ ಒಂದಿದೆ, ಚೆನ್ನಾಗಿ ನಡೆಯುತ್ತದೆ. ಶನಿವಾರ ಸಂಜೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಗೇಟಿಗೆ ಬಂದು ತೆಗೆದುಕೊಂಡು ಹೋಗಲಿ.

ಯಾದಗಿರಿ ವಸತಿಶಾಲೆ ಮೇಡಂ
ಭಾನುವಾರ ಏಳಕ್ಕೆ ಬರಲಿ. ಪ್ರಾಂಶುಪಾಲರ ಅನುಮತಿ ನಾನು ತೆಗೆದುಕೊಳ್ಳುತ್ತೇನೆ. ಬೆಳ್ಳಿ ಅಕ್ಕ, ನೀವೂ ಅವತ್ತೇ ಬಂದರೆ ಹೆಣ್ಣುಮಕ್ಕಳನ್ನು ಬೇರೆಯಾಗಿ ನೋಡಬಹುದು.

ಬೀದರಿ ಬೆಳ್ಳಿ
ಬರುತ್ತೇನೆ. ಬೀದರ್‌ನಿಂದ ದೂರ, ಶನಿವಾರ ರಾತ್ರಿ ಕಲಬುರಗಿಯಲ್ಲಿ ತಂಗಿಯ ಮನೆಯಲ್ಲಿದ್ದು ಬೆಳಗ್ಗೆ ಹೊರಡುತ್ತೇನೆ.